ಸರಾಸರಿಗೆ ಸಿಗದ ನಗೆ

ಹೆಸರಾಂತ ತಾರೆಯರಿರುವ ವ್ಯಾಪಾರಿ ಹಾಸ್ಯಚಿತ್ರವೊಂದು ತೆರೆಕಂಡಾಗ ಪ್ರೇಕ್ಷಕರ ಮಾತಿನಲ್ಲಿ ಸಾಮಾನ್ಯವಾಗಿ ಒಂದು ಬಗೆಯ ಒಮ್ಮತ ಕಾಣುತ್ತದೆ. ಚೆನ್ನಾಗಿದೆ, ಪರವಾಗಿಲ್ಲ, ಒಮ್ಮೆ ನೋಡಬಹುದು ಎಂಬ ಮೂರು ಮಾತುಗಳ ಆಸುಪಾಸಿನಲ್ಲೇ ಹೆಚ್ಚಿನವರ ತೀರ್ಪು ನಿಲ್ಲುತ್ತದೆ. ಸಣ್ಣ ಬಂಡವಾಳದಲ್ಲಿ, ಹೊಸಬರನ್ನು ನೆಚ್ಚಿ, ತನ್ನದೇ ಜಾಯಮಾನದ ವಿಲಕ್ಷಣ ಹಾಸ್ಯವನ್ನು ಹೊತ್ತು ಬರುವ ಸ್ವತಂತ್ರ ಚಿತ್ರದ ವಿಷಯದಲ್ಲಿ ಹಾಗಾಗುವುದಿಲ್ಲ. ಒಂದೇ ಸಾಲಿನಲ್ಲಿ ಕುಳಿತು ನೋಡಿದವರಲ್ಲಿ ಒಬ್ಬರಿಗೆ ಅದು ವರ್ಷದ ಅತ್ಯುತ್ತಮ ಚಿತ್ರವಾದರೆ, ಪಕ್ಕದವರಿಗೆ ದುಡ್ಡು ದಂಡವೆನಿಸಿರುತ್ತದೆ. ಈ ಒಡಕನ್ನು ಚಿತ್ರದ ದೋಷವೆಂದೋ ನೋಡಿದವರ ಅಭಿರುಚಿಯ ಕೊರತೆಯೆಂದೋ ತಳ್ಳಿಹಾಕುವುದು ವಾಡಿಕೆ. ಆದರೆ ಅಮೆರಿಕದಲ್ಲಿ ನಡೆದ ಒಂದು ಪ್ರಸಿದ್ಧ ಸ್ಪರ್ಧೆಯ ಅನುಭವವನ್ನೂ ಕಳೆದ ದಶಕದ ಎರಡು ಕನ್ನಡ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಅಭಿಪ್ರಾಯಭೇದವೇ ಇಂಥ ಚಿತ್ರಗಳ ಸಹಜ ಲಕ್ಷಣವೆಂಬುದೂ, ಚಿತ್ರದೊಳಗಿನ ಲೋಕಕ್ಕೆ ನೋಡುಗ ಎಷ್ಟು ಹತ್ತಿರದಲ್ಲಿ ಅಥವಾ ಎಷ್ಟು ದೂರದಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಅವನ ತೀರ್ಪು ಬಹುಮಟ್ಟಿಗೆ ನಿಂತಿರುತ್ತದೆಂಬುದೂ ಸ್ಪಷ್ಟವಾಗುತ್ತದೆ.

ಈ ದೂರದ ಪ್ರಶ್ನೆ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ಗೆ ಅಂಟಿಕೊಂಡಂತಿರುವ ಮೇರಿಲ್ಯಾಂಡಿನ ರಾಕ್‌ವಿಲ್‌ನಂಥ ಊರುಗಳ ಕನ್ನಡ ಕುಟುಂಬಗಳಿಗೆ ಇನ್ನಷ್ಟು ಸಮೀಪದ್ದು. ಊರಿನಿಂದ ಕೆಲವು ತಿಂಗಳ ಮಟ್ಟಿಗೆ ಬಂದಿರುವ ಅಜ್ಜ ಅಜ್ಜಿಯರು, ಬೆಂಗಳೂರು ಮೈಸೂರುಗಳಲ್ಲಿ ಓದಿ ಉದ್ಯೋಗಕ್ಕಾಗಿ ವಲಸೆ ಬಂದ ತಂದೆ ತಾಯಿ, ಮಾಂಟ್‌ಗೊಮೆರಿ ಕೌಂಟಿಯ ಶಾಲೆಗಳಲ್ಲೇ ಓದಿ ಬೆಳೆಯುತ್ತಿರುವ ಮಕ್ಕಳು, ಹೀಗೆ ಒಂದೇ ಮನೆಯಲ್ಲಿ ಮೂರು ಬೇರೆ ಬೇರೆ ದೂರಗಳಿಂದ ಒಂದೇ ಕನ್ನಡ ಚಿತ್ರವನ್ನು ನೋಡುವ ಸಂದರ್ಭ ಅಲ್ಲಿ ಸಾಮಾನ್ಯ.

ಮೊದಲು ಎರಡು ಪದಗಳ ಅರ್ಥವನ್ನು ನಿಗದಿಪಡಿಸಿಕೊಳ್ಳಬೇಕು. ದೊಡ್ಡ ನಿರ್ಮಾಣ ಸಂಸ್ಥೆಗಳ ಹಣಕ್ಕೂ ಹತೋಟಿಗೂ ಒಳಪಡದೆ, ನಿರ್ದೇಶಕನೂ ಅವನ ಬಳಗವೂ ಹೊಂದಿಸಿಕೊಂಡ ಬಂಡವಾಳದಲ್ಲಿ ತಯಾರಾದುದನ್ನು ಸ್ವತಂತ್ರ ಚಿತ್ರ ಎನ್ನುತ್ತಾರೆ. ವಿಲಕ್ಷಣ ಹಾಸ್ಯವೆಂದರೆ, ನಗಿಸಲೆಂದೇ ಹೊಸೆದ ಸಂಭಾಷಣೆ, ಹಾಸ್ಯನಟನಿಗೆ ಮೀಸಲಾದ ಪ್ರತ್ಯೇಕ ದೃಶ್ಯ, ಇಲ್ಲಿ ನಗಬೇಕೆಂದು ಸೂಚಿಸುವ ಹಿನ್ನೆಲೆ ಸಂಗೀತ ಇವು ಯಾವುವನ್ನೂ ಆಶ್ರಯಿಸದೆ, ಪಾತ್ರಗಳ ನಡವಳಿಕೆಯ ವಕ್ರತೆಯಿಂದಲೂ ಸನ್ನಿವೇಶದ ಅಸಂಬದ್ಧತೆಯಿಂದಲೂ ತಾನಾಗಿ ಹುಟ್ಟುವ ಹಾಸ್ಯ. ನಗಬೇಕಾದ ಜಾಗವನ್ನು ಪ್ರೇಕ್ಷಕನೇ ಹುಡುಕಿಕೊಳ್ಳಬೇಕಾದ್ದರಿಂದ, ಆ ಜಾಗ ಸಿಕ್ಕವನಿಗೂ ಸಿಗದವನಿಗೂ ನಡುವೆ ಅಂತರ ಹೆಚ್ಚುತ್ತದೆ.

ಹತ್ತು ಲಕ್ಷ ಡಾಲರಿನ ಸ್ಪರ್ಧೆಗೆ ಸವಾಲಾದ ಚಿತ್ರ

ಈ ಅಂತರ ಎಷ್ಟು ದೊಡ್ಡದೆಂಬುದು ಲೆಕ್ಕದ ರೂಪದಲ್ಲಿ ಬೆಳಕಿಗೆ ಬಂದದ್ದು ನೆಟ್‌ಫ್ಲಿಕ್ಸ್ ಸಂಸ್ಥೆ 2006ರ ಅಕ್ಟೋಬರಿನಲ್ಲಿ ಘೋಷಿಸಿದ ಸ್ಪರ್ಧೆಯಿಂದ. ಆಗ ಅಂಚೆಯ ಮೂಲಕ ಡಿವಿಡಿಗಳನ್ನು ಬಾಡಿಗೆಗೆ ಕಳಿಸುತ್ತಿದ್ದ ಆ ಸಂಸ್ಥೆಯ ಗ್ರಾಹಕರು ತಾವು ನೋಡಿದ ಚಿತ್ರಕ್ಕೆ ಒಂದರಿಂದ ಐದು ನಕ್ಷತ್ರಗಳವರೆಗೆ ಅಂಕ ಕೊಡುತ್ತಿದ್ದರು. ಹಿಂದಿನ ಅಂಕಗಳನ್ನು ನೋಡಿ, ಅದೇ ಗ್ರಾಹಕ ಮುಂದಿನ ಚಿತ್ರಕ್ಕೆ ಎಷ್ಟು ಕೊಡಬಹುದೆಂದು ಊಹಿಸುವ ಕಂಪ್ಯೂಟರ್ ವ್ಯವಸ್ಥೆಯೊಂದು ಸಂಸ್ಥೆಯ ಬಳಿ ಇತ್ತು. ಆ ಊಹೆಯ ನಿಖರತೆಯನ್ನು ಶೇ. 10ರಷ್ಟು ಉತ್ತಮಪಡಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನವೆಂದು ಸಾರಿ, ಸುಮಾರು 4.8 ಲಕ್ಷ ಗ್ರಾಹಕರು 17,770 ಚಿತ್ರಗಳಿಗೆ ಕೊಟ್ಟಿದ್ದ 10 ಕೋಟಿಗೂ ಹೆಚ್ಚು ಅಂಕಗಳನ್ನು, ಹೆಸರುಗಳನ್ನು ತೆಗೆದು, ಸ್ಪರ್ಧಿಗಳ ಮುಂದಿಡಲಾಯಿತು.

ಹೆಚ್ಚಿನ ಚಿತ್ರಗಳ ವಿಷಯದಲ್ಲಿ ಊಹೆ ಸಲೀಸಾಗಿತ್ತು, ಏಕೆಂದರೆ ಒಂದು ಸಾಹಸಚಿತ್ರವನ್ನು ಮೆಚ್ಚಿದವರು ಅದೇ ಜಾತಿಯ ಇನ್ನೊಂದನ್ನೂ ಬಹುಮಟ್ಟಿಗೆ ಮೆಚ್ಚುತ್ತಿದ್ದರು. ಆದರೆ ಕೆಲವೇ ಕೆಲವು ಚಿತ್ರಗಳು ಎಲ್ಲರ ಲೆಕ್ಕವನ್ನೂ ತಲೆಕೆಳಗು ಮಾಡುತ್ತಿದ್ದವು, ಮತ್ತು ಆ ಪಟ್ಟಿಯಲ್ಲಿ ಮುಂಚೂಣಿಯಲ್ಲಿದ್ದದ್ದು 'ನೆಪೋಲಿಯನ್ ಡೈನಮೈಟ್' ಎಂಬ ಸಣ್ಣ ಸ್ವತಂತ್ರ ಹಾಸ್ಯಚಿತ್ರ. ನಿರ್ದೇಶಕ ಜ್ಯಾರೆಡ್ ಹೆಸ್ ಐಡಹೊ ರಾಜ್ಯದ ಪ್ರೆಸ್ಟನ್ ಎಂಬ ಊರಿನಲ್ಲಿ ಸುಮಾರು 4 ಲಕ್ಷ ಡಾಲರ್ ವೆಚ್ಚದಲ್ಲಿ ಚಿತ್ರೀಕರಿಸಿದ ಇದು 2004ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಅನಂತರ ಅಮೆರಿಕದ ಚಿತ್ರಮಂದಿರಗಳಲ್ಲಿ 4 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು. ಗುಂಗುರು ಕೂದಲಿನ, ಬಾಯಿ ಅರೆತೆರೆದೇ ಇರುವ, ಯಾವುದಕ್ಕೂ ಮುಖದ ಭಾವ ಬದಲಿಸದ ಹೈಸ್ಕೂಲು ಹುಡುಗನೊಬ್ಬ ತನ್ನ ಗೆಳೆಯ ಪೆದ್ರೊನನ್ನು ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಲ್ಲಿಸಿ, ಕೊನೆಗೆ ವೇದಿಕೆಯ ಮೇಲೆ ಒಬ್ಬನೇ ಕುಣಿದು ಅವನನ್ನು ಗೆಲ್ಲಿಸುವುದು ಇದರ ಕಥೆ. ಅದನ್ನೂ ಕಥೆ ಎನ್ನಬಹುದೇ ಎಂಬಲ್ಲಿಂದಲೇ ನೋಡಿದವರ ಜಗಳ ಆರಂಭವಾಗುತ್ತಿತ್ತು. ಇದಕ್ಕೆ ಬರುತ್ತಿದ್ದ ಅಂಕಗಳು ಹೆಚ್ಚಾಗಿ ಒಂದು ಅಥವಾ ಐದು, ನಡುವಿನವು ವಿರಳ. ಪಿಟ್ಸ್‌ಬರ್ಗ್ ಸಮೀಪದ ಸ್ಪರ್ಧಿಯೊಬ್ಬರ ಲೆಕ್ಕದಲ್ಲಿ ಉಳಿದುಕೊಂಡಿದ್ದ ದೋಷದ ಶೇ. 15ರಷ್ಟು ಭಾಗಕ್ಕೆ ಈ ಒಂದೇ ಚಿತ್ರ ಕಾರಣವಾಗಿತ್ತೆಂದು 2008ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆ ಬರೆಯಿತು. 'ಲಾಸ್ಟ್ ಇನ್ ಟ್ರಾನ್ಸ್‌ಲೇಶನ್', 'ಸೈಡ್‌ವೇಸ್' ಮೊದಲಾದ ಚಿತ್ರಗಳೂ ಅದೇ ಬಗೆಯ ತೊಡಕನ್ನು ಒಡ್ಡಿದ್ದವು.

ಸ್ಪರ್ಧೆಯ ಬಹುಮಾನ 2009ರ ಸೆಪ್ಟೆಂಬರಿನಲ್ಲಿ ಹಲವು ದೇಶಗಳ ಏಳು ಮಂದಿಯ ತಂಡವೊಂದಕ್ಕೆ ಸಂದಿತು. ಅಷ್ಟೇ ನಿಖರತೆ ಸಾಧಿಸಿದ್ದ ಮತ್ತೊಂದು ತಂಡ ತನ್ನ ಉತ್ತರವನ್ನು 20 ನಿಮಿಷ ತಡವಾಗಿ ಸಲ್ಲಿಸಿದ್ದರಿಂದ ಸೋತಿತು. ಆದರೆ ಗೆದ್ದ ಸೂತ್ರವೂ ವಿಲಕ್ಷಣ ಹಾಸ್ಯವನ್ನು ಜಯಿಸಿತೆಂದು ಹೇಳಲಾಗದು, ಏಕೆಂದರೆ ಬೇಕಾಗಿದ್ದದ್ದು ಒಟ್ಟು ದೋಷದಲ್ಲಿ ಶೇ. 10ರ ಇಳಿಕೆ ಮಾತ್ರ. ಒಬ್ಬನ ಹಿಂದಿನ ನೂರು ಅಭಿಪ್ರಾಯಗಳನ್ನು ತಿಳಿದಿದ್ದರೂ ಅವನು ಯಾವುದಕ್ಕೆ ನಗುತ್ತಾನೆಂದು ಖಚಿತವಾಗಿ ಹೇಳಲು ಬಾರದು ಎಂಬುದು ಆ ಮೂರು ವರ್ಷಗಳ ದುಡಿಮೆಯಿಂದ ಹೊರಬಿದ್ದ ಅನಿರೀಕ್ಷಿತ ಫಲಿತಾಂಶ.

ಅಂಕಗಳು ಹೇಳುವುದೂ ಮುಚ್ಚಿಡುವುದೂ

ಹಾಗಿದ್ದರೆ ಚಿತ್ರದ ಹೆಸರಿನ ಪಕ್ಕದಲ್ಲಿ ಕಾಣುವ ಅಂಕದಿಂದ ಏನು ತಿಳಿಯುತ್ತದೆ? ಹತ್ತು ಜನ ನೋಡಿದ ಒಂದು ಚಿತ್ರಕ್ಕೆ ಹತ್ತೂ ಮಂದಿ ಮೂರು ನಕ್ಷತ್ರ ಕೊಟ್ಟರೆ ಅದರ ಸರಾಸರಿ ಮೂರು. ಇನ್ನೊಂದು ಚಿತ್ರಕ್ಕೆ ಐವರು ಐದನ್ನೂ ಐವರು ಒಂದನ್ನೂ ಕೊಟ್ಟರೆ ಅದರ ಸರಾಸರಿಯೂ ಮೂರೇ. ಮೊದಲನೆಯದು ಯಾರಿಗೂ ಬೇಸರ ತರದ, ಯಾರ ನೆನಪಿನಲ್ಲೂ ಉಳಿಯದ ಚಿತ್ರವಾದರೆ, ಎರಡನೆಯದು ಅರ್ಧದಷ್ಟು ಜನರ ಪಾಲಿಗೆ ಅಪೂರ್ವವಾದದ್ದು. ಸಂಖ್ಯಾಶಾಸ್ತ್ರದಲ್ಲಿ ಅಂಕಗಳು ಸರಾಸರಿಯಿಂದ ಎಷ್ಟು ಆಚೀಚೆ ಚೆದುರಿವೆ ಎಂಬುದನ್ನು ಹರವು ಎಂದು ಕರೆಯಬಹುದಾದ ಅಳತೆಯಿಂದ ಸೂಚಿಸುತ್ತಾರೆ. ವಿಲಕ್ಷಣ ಹಾಸ್ಯಚಿತ್ರದ ನಿಜವಾದ ಗುರುತು ಇರುವುದು ಈ ಹರವಿನಲ್ಲಿ.

ಬೇರೆ ಬೇರೆ ಅಳತೆಗಳು ಈ ಹರವನ್ನು ಬೇರೆ ಬೇರೆ ರೀತಿಯಲ್ಲಿ ಮರೆಮಾಡುತ್ತವೆ. 1998ರಲ್ಲಿ ಆರಂಭವಾದ ರಾಟನ್ ಟೊಮೇಟೋಸ್ ಎಂಬ ಜಾಲತಾಣ ತೋರಿಸುವ ಶೇಕಡಾ ಸಂಖ್ಯೆ ಎಷ್ಟು ಮಂದಿ ಚಿತ್ರವನ್ನು ಒಟ್ಟಾರೆ ಮೆಚ್ಚಿದರೆಂಬುದರ ಲೆಕ್ಕವಾದ್ದರಿಂದ, ಅಲ್ಲಿ ಶೇ. 90 ಎಂದರೆ ನೂರಕ್ಕೆ ತೊಂಬತ್ತು ಅಂಕವೆಂದು ಅರ್ಥವಲ್ಲ. ಪರವಾಗಿಲ್ಲ ಎಂದವರೂ ಅದ್ಭುತ ಎಂದವರೂ ಅದರಲ್ಲಿ ಸಮಾನವಾಗಿ ಸೇರಿಹೋಗುತ್ತಾರೆ. ಸಿನಿಮಾಸ್ಕೋರ್ ಎಂಬ ಸಂಸ್ಥೆ ಬಿಡುಗಡೆಯ ದಿನ ಚಿತ್ರಮಂದಿರದಲ್ಲೇ ಪ್ರೇಕ್ಷಕರಿಗೆ ಚೀಟಿ ಹಂಚಿ, ಶಾಲೆಯ ಶ್ರೇಣಿಗಳಂತೆ ಎ ಪ್ಲಸ್‌ನಿಂದ ಎಫ್‌ವರೆಗೆ ದರ್ಜೆ ಕೊಡುತ್ತದೆ; ಆದರೆ ಮೊದಲ ದಿನವೇ ಟಿಕೆಟ್ ಕೊಳ್ಳುವವರು ಮೊದಲೇ ಆಸಕ್ತಿ ಇದ್ದವರಾದ್ದರಿಂದ ಆ ದರ್ಜೆ ಚಿತ್ರದ ಗುಣಕ್ಕಿಂತ ಹೆಚ್ಚಾಗಿ ಪ್ರಚಾರ ಕೊಟ್ಟ ಮಾತನ್ನು ಚಿತ್ರ ಉಳಿಸಿಕೊಂಡಿತೇ ಎಂಬುದನ್ನು ಅಳೆಯುತ್ತದೆ. ಹಾಸ್ಯಭರಿತ ಜಾಹೀರಾತು ನೋಡಿ ಹೊಟ್ಟೆತುಂಬ ನಗಲು ಬಂದವರ ಮುಂದೆ ನಿಧಾನಗತಿಯ ಸ್ವತಂತ್ರ ಚಿತ್ರ ಬಿದ್ದಾಗ ದರ್ಜೆ ಕುಸಿಯುವುದು ಸಹಜ. ನೆಟ್‌ಫ್ಲಿಕ್ಸ್ ಕೂಡ 2017ರಲ್ಲಿ ನಕ್ಷತ್ರಗಳನ್ನು ಕೈಬಿಟ್ಟು, ಹೆಬ್ಬೆರಳು ಮೇಲೆ ಅಥವಾ ಕೆಳಗೆ ಎಂಬ ಎರಡೇ ಆಯ್ಕೆಗಳನ್ನು ಉಳಿಸಿತು.

'ತಿಥಿ': ಯಾವುದಕ್ಕೆ ನಗಬೇಕು

ಕನ್ನಡದಲ್ಲಿ ಈ ವಿಷಯಕ್ಕೆ 'ತಿಥಿ'ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರ ಜೊತೆ ಸೇರಿ ಕಥೆ ಕಟ್ಟಿದ ಈ ಚಿತ್ರ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಹಳ್ಳಿಯಲ್ಲಿ, ನಟನೆಯ ಅನುಭವವಿಲ್ಲದ ಹಳ್ಳಿಗರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು, ಸ್ಥಳದಲ್ಲೇ ಧ್ವನಿಮುದ್ರಿಸಿಕೊಂಡು ತಯಾರಾಯಿತು. 2015ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆ ಪ್ರಶಸ್ತಿಯನ್ನೂ ಅತ್ಯುತ್ತಮ ಚೊಚ್ಚಲ ಚಿತ್ರದ ಪ್ರಶಸ್ತಿಯನ್ನೂ ಪಡೆದು, 63ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆನಿಸಿ, 2016ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ತೆರೆಕಂಡಿತು.

ಚಿತ್ರದ ಮೊದಲ ದೃಶ್ಯವೇ ನೋಡುಗರನ್ನು ಎರಡು ಪಂಗಡವಾಗಿ ಸೀಳುತ್ತದೆ. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಸಂಕೋಚವಿಲ್ಲದೆ ಬೈದು ಗೇಲಿ ಮಾಡುತ್ತಿದ್ದವನು, ಮೂತ್ರಕ್ಕೆಂದು ಎದ್ದು ನಾಲ್ಕು ಹೆಜ್ಜೆ ಹೋಗಿ ಅಲ್ಲೇ ಕುಸಿದು ಸಾಯುತ್ತಾನೆ. ಸಂಗೀತವಿಲ್ಲ, ಮುಖವನ್ನು ಹತ್ತಿರದಿಂದ ತೋರಿಸುವ ಆತುರವಿಲ್ಲ. ಅಳಬೇಕೇ ನಗಬೇಕೇ ಎಂದು ಯಾರೂ ಹೇಳಿಕೊಡುವುದಿಲ್ಲ. ಅಲ್ಲಿಂದ ಮುಂದಕ್ಕೆ ಹನ್ನೊಂದನೆಯ ದಿನದ ತಿಥಿಯವರೆಗೆ ಮೂರು ತಲೆಮಾರುಗಳ ಕಥೆ ಸಮಾನಾಂತರವಾಗಿ ಸಾಗುತ್ತದೆ. ಸತ್ತವನ ಮಗ ಗಡ್ಡಪ್ಪನಿಗೆ ತಂದೆಯ ಸಾವೂ ಬೇಡ, ಅವನ ಐದು ಎಕರೆ ಜಮೀನೂ ಬೇಡ. ಟೈಗರ್ ಬ್ರಾಂದಿ ಮತ್ತು ಬೀಡಿಯೊಂದಿಗೆ ಹೊಲಗದ್ದೆಗಳಲ್ಲಿ ಅಲೆಯುವುದೇ ಅವನ ಬದುಕು. ಮೊಮ್ಮಗ ತಮ್ಮಣ್ಣನಿಗೆ ಆ ಜಮೀನನ್ನು ಮಾರಬೇಕು, ಆದರೆ ಸಹಿ ಹಾಕಬೇಕಾದ ಅಪ್ಪ ಕೈಗೆ ಸಿಗುವುದಿಲ್ಲವಾದ್ದರಿಂದ, ಬದುಕಿರುವ ಅಪ್ಪನ ಹೆಸರಿನಲ್ಲಿ ಸುಳ್ಳು ಮರಣ ಪ್ರಮಾಣಪತ್ರ ಮಾಡಿಸಿ, ಅವನನ್ನು ದುಡ್ಡು ಕೊಟ್ಟು ದೂರದ ಪ್ರವಾಸಕ್ಕೆ ಸಾಗಹಾಕುತ್ತಾನೆ. ಮರಿಮಗ ಅಭಿಗೆ ಕುರಿ ಕಾಯುವವರ ಹುಡುಗಿ ಕಾವೇರಿಯ ಹಿಂದೆ ಸುತ್ತುವುದರ ಮುಂದೆ ಉಳಿದುದೆಲ್ಲ ನಗಣ್ಯ.

ಈ ಚಿತ್ರದ ಹಾಸ್ಯದ ಬೇರು ಎಲ್ಲಿದೆ ಎಂದು ಕೇಳಿಕೊಂಡರೆ ಅಭಿಪ್ರಾಯಗಳು ಒಡೆಯುವ ಕಾರಣವೂ ಸಿಗುತ್ತದೆ. ಸತ್ತವರ ಆಸ್ತಿಯನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವ ಪೌತಿ ಖಾತೆಗಾಗಿ ತಾಲ್ಲೂಕು ಕಚೇರಿಗೆ ಅಲೆದವರಿಗೆ, ಬದುಕಿರುವವನನ್ನು ಕಾಗದದ ಮೇಲೆ ಸಾಯಿಸುವುದು ಎಷ್ಟು ಸಲೀಸು, ಬದುಕಿರುವವನ ಒಂದು ಸಹಿ ಪಡೆಯುವುದು ಎಷ್ಟು ದುಸ್ತರ ಎಂಬ ವ್ಯಂಗ್ಯ ವಿವರಣೆಯಿಲ್ಲದೆ ತಟ್ಟುತ್ತದೆ. ಊರಿಗೆಲ್ಲ ಬಾಡೂಟ ಹಾಕದಿದ್ದರೆ ಮಾನ ಹೋಗುತ್ತದೆಂದು ಸಾಲ ಮಾಡಿದ ಮನೆಗಳನ್ನು ಕಂಡವರಿಗೆ, ತಮ್ಮಣ್ಣನ ಬವಣೆ ನಗುವನ್ನೂ ಸಂಕಟವನ್ನೂ ಒಟ್ಟಿಗೆ ತರುತ್ತದೆ. ಇವೆರಡೂ ಗೊತ್ತಿಲ್ಲದವರಿಗೆ ಅದೇ ದೃಶ್ಯಗಳು ಹಳ್ಳಿಯೊಂದರ ದಾಖಲೆಚಿತ್ರದಂತೆ ಕಾಣುತ್ತವೆ. ಚಿತ್ರ ನಿಧಾನ, ನಾಯಕನಿಲ್ಲ, ಮಾತು ಒರಟು ಎಂಬ ಆಕ್ಷೇಪಗಳು ಅಲ್ಲಿಂದ ಹುಟ್ಟುತ್ತವೆ. ಇದಕ್ಕೆ ವಿರುದ್ಧವಾದ ದೂರವೂ ಒಂದಿದೆ. ಆ ಬೈಗುಳಗಳನ್ನು ದಿನವೂ ಕೇಳುತ್ತ ಬೆಳೆದ ಹಳ್ಳಿಗನೊಬ್ಬನಿಗೆ, ಮನೆಯಲ್ಲೇ ಉಚಿತವಾಗಿ ಸಿಗುವುದನ್ನು ನೋಡಲು ಟಿಕೆಟ್ ಏಕೆ ಕೊಳ್ಳಬೇಕೆಂದು ಅನಿಸುವುದೂ ಸಾಧ್ಯ. ತೀರಾ ದೂರದವನಿಗೂ ತೀರಾ ಹತ್ತಿರದವನಿಗೂ ಕಾಣದ ಹಾಸ್ಯ, ಹಳ್ಳಿಯನ್ನು ಬಲ್ಲ, ಆದರೆ ಈಗ ಅದರಿಂದ ಒಂದಿಷ್ಟು ಹೊರಗೆ ನಿಂತವನಿಗೆ ಚೆನ್ನಾಗಿ ಕಾಣುತ್ತದೆ.

ರಾಕ್‌ವಿಲ್‌ನ ಮೂರು ತಲೆಮಾರಿನ ಮನೆಗೆ ಈ ಮಾತನ್ನು ಅನ್ವಯಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಮಂಡ್ಯ, ಹಾಸನಗಳ ಕಡೆಯಿಂದ ಬಂದ ಅಜ್ಜನಿಗೆ ಸಾವಿನ ಮನೆಯ ಗಲಾಟೆ ತಮಾಷೆಯೆನಿಸದೆ ಇರಬಹುದು. ಇಂಗ್ಲಿಷ್ ಅಡಿಬರಹ ಓದುತ್ತ ನೋಡುವ ಮೊಮ್ಮಗಳಿಗೆ ಪೌತಿ ಖಾತೆಯ ಗೊಂದಲ ದಕ್ಕದೆ, ಆದರೆ ಯಾರಿಗೂ ತಲೆಬಾಗದ ಗಡ್ಡಪ್ಪನ ನಿರ್ಲಿಪ್ತತೆ ಸಂಪೂರ್ಣ ದಕ್ಕಬಹುದು. ನಡುವಿನ ತಲೆಮಾರಿಗೆ ಎರಡೂ ದಕ್ಕಬಹುದು. ಮೂವರೂ ಕೊಡುವ ಅಂಕಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಬರುವ ಸಂಖ್ಯೆ ಆ ಮನೆಯಲ್ಲಿ ಯಾರೊಬ್ಬರ ಅನುಭವವೂ ಆಗಿರುವುದಿಲ್ಲ.

ಆರು ಬಗೆಯ ನಗು

ಹಾಸ್ಯದ ಅನುಭವ ನೋಡುಗನಿಂದ ನೋಡುಗನಿಗೆ ಭಿನ್ನವೆಂಬುದು ಭಾರತೀಯ ಕಾವ್ಯಚಿಂತನೆಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರ ಹಾಸ್ಯರಸಕ್ಕೆ ವೇಷ, ಮಾತು, ನಡವಳಿಕೆಗಳ ವಿಕಾರವನ್ನು ಕಾರಣವಾಗಿ ಹೇಳಿ, ನಗುವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸುತ್ತದೆ. ಹಲ್ಲು ಕಾಣಿಸದೆ ಕೆನ್ನೆ ಮಾತ್ರ ಅರಳುವ ನಗು ಸ್ಮಿತವಾದರೆ, ಕಣ್ಣಲ್ಲಿ ನೀರು ತುಂಬಿ ಪಕ್ಕೆ ಹಿಡಿದುಕೊಂಡು ಗಟ್ಟಿಯಾಗಿ ನಗುವುದು ಅತಿಹಸಿತ. ಮೊದಲೆರಡು ಉತ್ತಮರದು, ಕೊನೆಯೆರಡು ಅಧಮರದು ಎಂಬ ಭರತನ ಶ್ರೇಣೀಕರಣವನ್ನು ಇಂದು ಒಪ್ಪಬೇಕಾಗಿಲ್ಲ. ನಗುವಿನಲ್ಲಿ ಬಗೆಗಳುಂಟು, ಒಂದೊಂದು ಬಗೆಗೂ ಬೇರೆ ಬೇರೆ ಕಾರಣಗಳುಂಟು ಎಂಬ ವಿವೇಕವನ್ನು ಮಾತ್ರ ಉಳಿಸಿಕೊಂಡರೆ ಸಾಕು. ವ್ಯಾಪಾರಿ ಹಾಸ್ಯಚಿತ್ರ ಪ್ರಚಾರದಲ್ಲೇ ಅತಿಹಸಿತದ ಭರವಸೆ ಕೊಡುತ್ತದೆ, 'ತಿಥಿ'ಯಂಥ ಚಿತ್ರ ಬಹುತೇಕ ಸ್ಮಿತದಲ್ಲೇ ಸಾಗುತ್ತದೆ. ಒಂದನ್ನು ನಿರೀಕ್ಷಿಸಿ ಹೋದವನು ಇನ್ನೊಂದನ್ನು ಪಡೆದಾಗ ಚಿತ್ರದಲ್ಲಿ ಹಾಸ್ಯವೇ ಇಲ್ಲವೆಂದು ಹೇಳುವುದು ಅಪ್ರಾಮಾಣಿಕವಲ್ಲ, ಆದರೆ ಅಪೂರ್ಣ. ಕಾವ್ಯಮೀಮಾಂಸಕರು ಸಹೃದಯ ಎಂದು ಕರೆದದ್ದು ಕೃತಿಯ ಲೋಕಕ್ಕೆ ತನ್ನ ಮನಸ್ಸನ್ನು ಹೊಂದಿಸಿಕೊಳ್ಳಬಲ್ಲವನನ್ನು. ಆ ಹೊಂದಾಣಿಕೆಗೆ ಕೃತಿಯೂ ಒಂದಿಷ್ಟು ದಾರಿ ತೋರಬೇಕೆಂಬುದು ಪ್ರೇಕ್ಷಕನ ನ್ಯಾಯವಾದ ಬೇಡಿಕೆ.

ಬೋಳುತಲೆಯ ಮೇಷ್ಟರು

ದಾರಿ ತೋರುವುದರಲ್ಲಿ 'ಒಂದು ಮೊಟ್ಟೆಯ ಕಥೆ' ಹೆಚ್ಚು ಉದಾರವಾದ ಚಿತ್ರ. ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ತಾವೇ ಮುಖ್ಯಪಾತ್ರ ವಹಿಸಿದ ಈ ಚಿತ್ರ 2017ರಲ್ಲಿ ನ್ಯೂಯಾರ್ಕಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು, ಅದೇ ವರ್ಷದ ಜುಲೈ 7ರಂದು ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಮಂಗಳೂರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವ, ಡಾ. ರಾಜ್‌ಕುಮಾರರ ಪರಮ ಅಭಿಮಾನಿಯಾದ ಜನಾರ್ದನನಿಗೆ ಮೂವತ್ತು ತುಂಬುವ ಮೊದಲೇ ತಲೆ ಬೋಳಾಗಿದೆ. ಹೆಣ್ಣು ನೋಡುವ ಶಾಸ್ತ್ರಗಳು ಒಂದರ ಮೇಲೊಂದು ಮುರಿದು ಬೀಳುತ್ತವೆ. ಇಲ್ಲಿನ ಸಂಕಟವನ್ನು ಅರಿಯಲು ಮಂಗಳೂರನ್ನು ಬಲ್ಲವರೇ ಆಗಬೇಕಿಲ್ಲ. 2019ರಲ್ಲಿ ಇದು ಹಿಂದಿಯಲ್ಲಿ 'ಉಜ್ಡಾ ಚಮನ್' ಎಂದೂ ಮಲಯಾಳದಲ್ಲಿ 'ತಮಾಶಾ' ಎಂದೂ ಮರುರೂಪ ಪಡೆದದ್ದು ಕಥೆಯ ಈ ಸುಲಭಗಮ್ಯತೆಗೆ ಸಾಕ್ಷಿ.

ಆದರೂ ಈ ಚಿತ್ರದ ಬಗ್ಗೆ ಒಂದು ಗಂಭೀರ ಭಿನ್ನಾಭಿಪ್ರಾಯಕ್ಕೆ ಎಡೆಯುಂಟು: ಚಿತ್ರ ಬೋಳುತಲೆಯವನ ಜೊತೆಗೂಡಿ ನಗುತ್ತದೆಯೋ, ಅವನನ್ನು ನೋಡಿ ನಗುತ್ತದೆಯೋ? ವಿದ್ಯಾರ್ಥಿಗಳ ಗೇಲಿಯನ್ನು ಕಂಡು ಚಿತ್ರಮಂದಿರವೂ ನಗುವಾಗ ಎರಡರ ನಡುವಣ ಗೆರೆ ಅಳಿಸಿಹೋಗುತ್ತದೆ. ಚಿತ್ರ ತನ್ನ ಉತ್ತರವನ್ನು ಇಡುವುದು ಸರಳಾ ಎಂಬ ದಪ್ಪ ಮೈಯ ಹುಡುಗಿಯ ಪಾತ್ರದಲ್ಲಿ. ರೂಪದ ಕಾರಣಕ್ಕೆ ತಿರಸ್ಕಾರ ಉಂಡ ಜನಾರ್ದನನೇ ಅವಳನ್ನು ಅದೇ ಕಾರಣಕ್ಕೆ ಹಿಂಜರಿಕೆಯಿಂದ ನೋಡುವಾಗ, ಅದುವರೆಗೆ ಅವನ ಪರವಾಗಿ ಮರುಗುತ್ತಿದ್ದ ಪ್ರೇಕ್ಷಕನೂ ತನ್ನ ನಗುವನ್ನು ಮರುಪರಿಶೀಲಿಸಬೇಕಾಗುತ್ತದೆ. ಈ ತಿರುವು ಬೋಧನೆಯಾಯಿತೆಂದು ಕೆಲವರಿಗೆ ಅನಿಸಬಹುದು, ಇದೇ ಚಿತ್ರದ ಜೀವಾಳವೆಂದು ಕೆಲವರಿಗೆ ಅನಿಸಬಹುದು. ಎರಡೂ ಕಡೆಯವರು ಒಂದೇ ದೃಶ್ಯವನ್ನು ಬೊಟ್ಟುಮಾಡಿ ವಾದಿಸಬಲ್ಲರೆಂಬುದೇ ಈ ಭಿನ್ನಾಭಿಪ್ರಾಯದ ಆರೋಗ್ಯ.

ಪರದೇಶದಲ್ಲಿ ಅಭಿಪ್ರಾಯದ ತೂಕ

ಅಮೆರಿಕದ ಪೂರ್ವ ಕರಾವಳಿಯ ಕನ್ನಡಿಗರಿಗೆ ಕೂಡಿ ನೋಡುವ ಅವಕಾಶಗಳಿಗೆ ತಳಹದಿ ಹಾಕಿದವು ಸಂಘಗಳು. ವಾಷಿಂಗ್ಟನ್, ಮೇರಿಲ್ಯಾಂಡ್, ವರ್ಜೀನಿಯಾಗಳ ಕನ್ನಡಿಗರು 1972ರಲ್ಲಿ ಕಟ್ಟಿಕೊಂಡ ಕಾವೇರಿ ಕನ್ನಡ ಸಂಘ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ ಮೊದಲಾದವು ಈ ಸಾಲಿನವು. ಅಮೆರಿಕದ ಕನ್ನಡ ಸಂಘಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನಗಳು 2006ರಲ್ಲಿ ಬಾಲ್ಟಿಮೋರ್‌ನಲ್ಲೂ 2012ರಲ್ಲಿ ಅಟ್ಲಾಂಟಾದಲ್ಲೂ ಜರುಗಿದವು. ರಾಕ್‌ವಿಲ್‌ನಿಂದ ಹೆಚ್ಚು ದೂರವಿಲ್ಲದ ಸಿಲ್ವರ್ ಸ್ಪ್ರಿಂಗ್‌ನಲ್ಲಿ 1938ರ ಹಳೆಯ ಚಿತ್ರಮಂದಿರವೊಂದನ್ನು ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2003ರಲ್ಲಿ ಪುನರಾರಂಭಿಸಿ, ಹಳೆಯ ಹಾಗೂ ಸ್ವತಂತ್ರ ಚಿತ್ರಗಳಿಗೆ ನೆಲೆಯಾಗಿಸಿದೆ. ಆದರೂ ಕನ್ನಡ ಚಿತ್ರವೊಂದು ಅಲ್ಲಿನ ಮಲ್ಟಿಪ್ಲೆಕ್ಸ್‌ಗೆ ಬಂದಾಗ ಸಿಗುವುದು ಬಹುಮಟ್ಟಿಗೆ ವಾರಾಂತ್ಯದ ಕೆಲವೇ ಆಟಗಳು. ಶುಕ್ರವಾರ ರಾತ್ರಿ ನೋಡಿದವರು ವಾಟ್ಸಾಪ್ ಗುಂಪಿನಲ್ಲಿ ಹಾಕುವ ಒಂದು ಸಾಲು ಶನಿವಾರದ ಆಟಕ್ಕೆ ಯಾರು ಕಾರು ತೆಗೆಯುತ್ತಾರೆಂಬುದನ್ನು ನಿರ್ಧರಿಸಿಬಿಡುತ್ತದೆ. ಬೆಂಗಳೂರಿನಲ್ಲಿ ನಿಧಾನವಾಗಿ ಬಾಯಿಮಾತಿನಿಂದ ಬೆಳೆಯಲು ಸ್ವತಂತ್ರ ಚಿತ್ರಕ್ಕೆ ಎರಡು ಮೂರು ವಾರಗಳಾದರೂ ಸಿಗಬಹುದು. ಅಮೆರಿಕದಲ್ಲಿ ಆ ಕಾಲಾವಕಾಶವಿಲ್ಲ.

ಅಭಿಪ್ರಾಯಕ್ಕೆ ಇಷ್ಟು ತೂಕವಿರುವಲ್ಲಿ ಅದನ್ನು ಹೇಳುವ ಕ್ರಮವೂ ಮುಖ್ಯವಾಗುತ್ತದೆ. ಬೋರು, ಸೂಪರ್, ಐದಕ್ಕೆ ಎರಡು ಎಂಬ ತೀರ್ಪುಗಳಿಂದ ಕೇಳಿದವರಿಗೆ ಏನೂ ದಕ್ಕುವುದಿಲ್ಲ, ಏಕೆಂದರೆ ಹೇಳಿದವರು ಎಲ್ಲಿ ನಿಂತು ನೋಡಿದರೆಂಬುದು ಅದರಲ್ಲಿಲ್ಲ. ಯಾವ ನಿರೀಕ್ಷೆಯಿಂದ ಹೋದದ್ದು, ಯಾವ ದೃಶ್ಯದಲ್ಲಿ ನಗು ಬಂದದ್ದು, ಎಲ್ಲಿ ಸಹನೆ ಕೆಟ್ಟದ್ದು, ಜೊತೆಗಿದ್ದವರು ಯಾವುದಕ್ಕೆ ನಕ್ಕದ್ದು ಎಂಬ ನಾಲ್ಕು ಸಂಗತಿಗಳು ತಿಳಿದರೆ, ಚಿತ್ರವನ್ನು ಮೆಚ್ಚದವರ ಮಾತೂ ಇನ್ನೊಬ್ಬರನ್ನು ಚಿತ್ರಮಂದಿರಕ್ಕೆ ಕಳಿಸಬಲ್ಲದು. ಇಡೀ ಚಿತ್ರದಲ್ಲಿ ಒಬ್ಬ ಮುದುಕ ಸುಮ್ಮನೆ ಅಲೆಯುತ್ತಾನೆ ಅಷ್ಟೆ ಎಂಬ ದೂರು, ಅಂಥ ಅಲೆದಾಟವನ್ನೇ ನೋಡಬಯಸುವವರಿಗೆ ಶಿಫಾರಸು. ಅಂಕದಲ್ಲಿ ಕಳೆದುಹೋಗುವ ಈ ವಿವರಗಳು ಕಾರಣಸಹಿತವಾದ ಮಾತಿನಲ್ಲಿ ಉಳಿದುಕೊಳ್ಳುತ್ತವೆ. ಹಾಗೆಯೇ ಚಿತ್ರ ಆರಿಸಿಕೊಳ್ಳುವವರು ಕೂಡ ಸರಾಸರಿಯನ್ನು ಬದಿಗಿಟ್ಟು, ತಮ್ಮ ಹಾಗೆಯೇ ನಗುವ ಇಬ್ಬರು ಮೂವರ ಮಾತನ್ನೂ ತಮಗೆ ಸದಾ ವಿರುದ್ಧವಾಗಿರುವ ಒಬ್ಬರ ಮಾತನ್ನೂ ಕೇಳಿ ನಿರ್ಧರಿಸಿದರೆ, ಹತ್ತು ಕೋಟಿ ಅಂಕಗಳಿಂದಲೂ ಸರಿಯಾಗಿ ಊಹಿಸಲಾಗದ ಒಂದು ಆಯ್ಕೆಯನ್ನು ಹೆಚ್ಚು ಭರವಸೆಯಿಂದ ಮಾಡಬಲ್ಲರು.